ಎಳೆಯ ಮೂಳೆಗಳ ದೌರ್ಬಲ್ಯ

ಮೂಳೆ ಸವೆಯುವುದು ಮುಪ್ಪಿನ ಬಾಧೆಯೆಂದು ನಮ್ಮ ಜನರು ನಂಬಿರುವರು. ಈ ನಂಬಿಕೆಯು ಅರ್ಧ ಮಾತ್ರ ದಿಟವಾದುದು. ಆಸ್ಟಿಯೋಪೊರೋಸಿಸ್ ಎಂಬ ಅಸ್ಥಿರೋಗವು ಮಕ್ಕಳಿಗೂ ಉಂಟಾಗುವುದು. ಹುಟ್ಟಿನಿಂದಲೇ ಮೂಳೆ ಪೆಡಸಾಗಿರುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟ ರೋಗದಲ್ಲಿ ಮಾತ್ರವಲ್ಲ, ಬಹುಕಾಲ ಸ್ಟಿರಾಯ್ಡು ಸೇವಿಸಬೇಕಾದ ಮಕ್ಕಳಲ್ಲಿಯೂ, ನಡೆದಾಡಲಾರದ ಮಕ್ಕಳಲ್ಲಿಯೂ ಇದು ಕಾಣುವುದು. ಕೆನಡಾದಲ್ಲಿ ರಕ್ತದ ಕ್ಯಾನ್ಸರು ಆಗತಾನೇ ಪತ್ತೆಯಾದ 186 ಮಕ್ಕಳನ್ನು ಪರೀಕ್ಷಿಸಿದ ವೈದ್ಯರು, ಅವರಲ್ಲಿ ನೂರಕ್ಕೆ 16 ಮಂದಿಯ ಬೆನ್ನೆಲುಬಿನ ಮಣಿಗಳು ಆಗಲೇ ಕುಸಿದಿದ್ದುವೆಂದು 2009ರಲ್ಲಿ ಪ್ರಕಟಿಸಿದರು.

ಈ ರೋಗವನ್ನು ಗೊತ್ತುಮಾಡುವುದರಲ್ಲಿ ಎರಡು ಬಗೆಯ ಪ್ರಮಾದಗಳುಂಟು. ಡೆಕ್ಸಾ ಯಂತ್ರದ ಅಂಕಿಯೊಂದನ್ನೇ ನೋಡಿ ಆರೋಗ್ಯವಂತ ಮಗುವಿಗೆ ರೋಗವನ್ನು ಆರೋಪಿಸುವುದು ಒಂದು. ಕುಸಿದ ಬೆನ್ನಿನ ನೋವನ್ನು ಸೋಮಾರಿತನವೆಂದು ಗದರುವುದು ಇನ್ನೊಂದು. ಅಂತರರಾಷ್ಟ್ರೀಯ ಕ್ಲಿನಿಕಲ್ ಡೆನ್ಸಿಟೋಮೆಟ್ರಿ ಸಂಘವು 2013ರಲ್ಲಿ ಇದಕ್ಕೆ ನಿಯಮ ಹೇಳಿರುವುದು. ದೊಡ್ಡ ಪೆಟ್ಟಾಗಲಿ, ಆ ಜಾಗದಲ್ಲಿಯೇ ಬೇರೆ ರೋಗವಾಗಲಿ ಇಲ್ಲದೆ ಬೆನ್ನೆಲುಬಿನ ಒಂದು ಮಣಿ ಕುಸಿದಿದ್ದರೂ ಅದೇ ಸಾಕಾದ ಕುರುಹು. ಇಲ್ಲವಾದರೆ 10 ವರ್ಷದೊಳಗೆ ಎರಡು ಸಲ, ಅಥವಾ 19 ವರ್ಷದೊಳಗೆ ಮೂರು ಸಲ ಕೈಕಾಲುಗಳ ಉದ್ದ ಮೂಳೆ ಮುರಿದಿರಬೇಕು. ಅದರೊಡನೆ ಮೂಳೆಯ ಸಾಂದ್ರತೆಯು ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳೊಡನೆ ಹೋಲಿಸಿದ ಅಳತೆಯಲ್ಲಿ -2 ಅಥವಾ ಅದಕ್ಕೂ ಕೆಳಗಿರಬೇಕು. ಆದುದರಿಂದ ನಾಟಿ ವೈದ್ಯರಲ್ಲಿ ಕಟ್ಟಿಸಿದ ಮುರಿತವನ್ನೂ ತಂದೆತಾಯಿಗಳು ಬರೆದಿಟ್ಟುಕೊಳ್ಳತಕ್ಕದ್ದು. ಬರಹವಿಲ್ಲದೆ ಹೋದರೆ, ಪದೇಪದೇ ಮೂಳೆ ಮುರಿದ ಮಗುವನ್ನು ಹೊಡೆದರೆಂಬ ಸಂಶಯಕ್ಕೆ ನಿರಪರಾಧಿಗಳು ಗುರಿಯಾಗುವುದೂ ಉಂಟು.

ಚಿಕಿತ್ಸೆಯ ವಿಷಯವಾಗಿ ಹೇಳುವುದಾದರೆ, ರಾಗಿ, ಹಾಲು, ಎಳೆಬಿಸಿಲು, ಶಕ್ತ್ಯನುಸಾರವಾದ ಓಡಾಟ ಇವು ಎಲ್ಲಕ್ಕೂ ತಳಹದಿ. ಆದರೆ ಕುಸಿದ ಬೆನ್ನಿಗೆ ಇವಿಷ್ಟೇ ಸಾಲವು. ಮಾಂಟ್ರಿಯಲಿನ ಗ್ಲೋರಿಯೊ ಮತ್ತು ಅವರ ಸಂಗಡಿಗರು ಪ್ಯಾಮಿಡ್ರೊನೇಟ್ ಔಷಧದ ಪ್ರಯೋಜನವನ್ನು 1998ರಲ್ಲಿ ಲೋಕಕ್ಕೆ ತಿಳಿಸಿದರು. ಈ ವರ್ಗದ ಔಷಧಗಳನ್ನು ರಕ್ತನಾಳದ ಮೂಲಕ ಕೊಡುವರು. ಬೆಳೆಯುವ ವಯಸ್ಸು ಇನ್ನೂ ಉಳಿದಿದ್ದರೆ ಕುಸಿದ ಮಣಿಯು ಮತ್ತೆ ಆಕಾರ ಪಡೆಯಬಲ್ಲುದು. ಕಾಲ ಮೀರಿದರೆ ಆ ಅವಕಾಶವು ತಪ್ಪುವುದು. ಮೊದಲು ಡಿ ಜೀವಸತ್ವದ ಕೊರತೆಯನ್ನು ನೀಗದಿದ್ದರೆ ರಕ್ತದ ಕ್ಯಾಲ್ಸಿಯಂ ಅಪಾಯಕರವಾಗಿ ಇಳಿಯಬಹುದಾದುದರಿಂದ, ಇದು ಪರಿಣತರ ಕೈಯಲ್ಲಿಯೇ ನಡೆಯಬೇಕಾದ ಕಾರ್ಯ.

ಆರೋಗ್ಯಶಾಖೆಯ ಅಧಿಕಾರಿಗಳಲ್ಲಿ ನಾವು ಕೇಳುವುದು ದುಬಾರಿಯಾದ ಯಂತ್ರಗಳನ್ನಲ್ಲ. ಮೂರು ತಿಂಗಳಿಗೆ ಮೀರಿ ಸ್ಟಿರಾಯ್ಡು ಸೇವಿಸುವ ಪ್ರತಿಯೊಂದು ಮಗುವಿಗೂ ಬೆನ್ನಿನ ಪಕ್ಕದಿಂದ ತೆಗೆದ ಒಂದು ಎಕ್ಸ್‌ರೇ ಚಿತ್ರ ದೊರೆಯಲಿ. ಜಿಲ್ಲೆಯ ಆಸ್ಪತ್ರೆಯಲ್ಲಿಯೇ ಆಗಬಹುದಾದ ಇಷ್ಟನ್ನು ಮಾಡದೆ, ಮಕ್ಕಳ ಬೆನ್ನು ಬಾಗಿದ ಮೇಲೆ ಮರುಗಿ ಫಲವೇನು?