ಒಣಗಿದ ಹುಲ್ಲುಗಾವಲು ಬಂಜರಲ್ಲ

2023ರ ಬರಗಾಲ ನಿಮಗೆ ನೆನಪಿರಬಹುದು. ಆ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷದಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆಯ ಕಾವಲುಗಳನ್ನು, ಅಂದರೆ ದನ ಮೇಯಲೆಂದು ಹಿಂದಿನಿಂದ ಬಿಟ್ಟಿರುವ ಹುಲ್ಲುಗಾವಲುಗಳನ್ನು ನೋಡಿದರೆ ಯಾರಿಗಾದರೂ 'ಇಲ್ಲಿ ಇನ್ನೇನೂ ಬದುಕಿಲ್ಲ' ಅನ್ನಿಸುತ್ತದೆ. ಆದರೆ ಹದವಾದ ಒಂದೆರಡು ಮಳೆ ಬೀಳಲಿ, ಕೆಲವೇ ದಿನಗಳಲ್ಲಿ ಅದೇ ನೆಲ ಹಸಿರಾಗುತ್ತದೆ. ಈ ಹಸಿರು ಎಲ್ಲಿ ಅಡಗಿತ್ತು?

ನೆಲದ ಒಳಗೆ. ಗಿಡಮರಗಳ ಚಿಗುರು ಕೊಂಬೆಯ ತುದಿಯಲ್ಲಿರುತ್ತದೆ. ಹುಲ್ಲಿನ ಚಿಗುರುವ ಮೊಗ್ಗು ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡಿರುತ್ತದೆ. ಗರಿಯನ್ನು ದನ ಮೇಯಲಿ, ಬಿಸಿಲು ಸುಡಲಿ, ಮೊಗ್ಗು ಉಳಿಯುತ್ತದೆ. ಬರ ಬಂದಾಗ ಹುಲ್ಲು ಮೇಲಿನ ಗರಿಗಳನ್ನು ಒಣಗಲು ಬಿಟ್ಟು, ಬುಡದಲ್ಲೂ ಬೇರಿನಲ್ಲೂ ಕೂಡಿಟ್ಟ ಆಹಾರದಿಂದ ಸುಪ್ತವಾಗಿ ಬದುಕುತ್ತದೆ. ಕಾವಲಿನಲ್ಲಿ ಓಡಾಡಿದರೆ ಈಟಿಯಂಥ ಬೀಜಗಳು ಬಟ್ಟೆಗೆ ಚುಚ್ಚಿಕೊಳ್ಳುತ್ತವಲ್ಲ, ಆ ಹುಲ್ಲಿನ ಉಪಾಯ ಇನ್ನೂ ಸೊಗಸು. ಬೀಜದ ಹಿಂದಿನ ಬಾಲ ತೇವ ತಗುಲಿದಾಗ ಸುರುಳಿ ಬಿಚ್ಚಿಕೊಂಡು, ಒಣಗಿದಾಗ ಮತ್ತೆ ಸುತ್ತಿಕೊಂಡು ಬೀಜವನ್ನು ತಿರುಪಿನಂತೆ ಮಣ್ಣಿಗೆ ಇಳಿಸುತ್ತದೆ!

ಇಲ್ಲಿ ಇನ್ನೊಂದು ಬಲವೂ ಇದೆ. ಅಮೆರಿಕದ ಮಿನೆಸೋಟ ರಾಜ್ಯದ ಸೀಡರ್ ಕ್ರೀಕ್ ಎಂಬಲ್ಲಿ ಡೇವಿಡ್ ಟಿಲ್ಮನ್ ಎಂಬ ವಿಜ್ಞಾನಿ 207 ಹುಲ್ಲಿನ ಮಡಿಗಳನ್ನು ವರ್ಷವರ್ಷವೂ ಅಳೆಯುತ್ತಿದ್ದರು. 1988ರಲ್ಲಿ ಅಲ್ಲಿ ಭಾರಿ ಬರ ಬಂತು. ಹಲವು ಜಾತಿಯ ಸಸ್ಯಗಳಿದ್ದ ಮಡಿಗಳಲ್ಲಿ ಬೆಳೆ ಸುಮಾರು ಅರ್ಧಕ್ಕೆ ಇಳಿಯಿತು. ಒಂದೆರಡೇ ಜಾತಿಗಳಿದ್ದ ಮಡಿಗಳಲ್ಲಿ ಎಂಟನೆಯ ಒಂದು ಭಾಗಕ್ಕೋ ಅದಕ್ಕಿಂತ ಕಡಿಮೆಗೋ ಕುಸಿಯಿತು. ಬರ ಮುಗಿದ ಮೇಲೆ ಚೆನ್ನಾಗಿ ಚೇತರಿಸಿಕೊಂಡದ್ದೂ ಹಲವು ಜಾತಿಗಳ ಮಡಿಗಳೇ. ಟಿಲ್ಮನ್ ಮತ್ತು ಜಾನ್ ಡೌನಿಂಗ್ ಇದನ್ನು 1994ರಲ್ಲಿ ಪ್ರಕಟಿಸಿದರು. ಕಾರಣ ಕಷ್ಟದ್ದಲ್ಲ. ಒಂದು ಜಾತಿ ಸೋತಾಗ ಬರ ತಾಳುವ ಇನ್ನೊಂದು ಆ ಜಾಗ ತುಂಬುತ್ತದೆ. ನಮ್ಮ ರೈತರು ರಾಗಿಯ ಜೊತೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವುದು ಏಕೆಂದು ಮನೆಯ ಹಿರಿಯರನ್ನು ಕೇಳಿ ನೋಡಿ.

ನನ್ನ ತಕರಾರು ಇರುವುದು ಇಲ್ಲೇ. ಇಂಥ ನೆಲವನ್ನು ನಾವು 'ಬಂಜರು', 'ಪಾಳು' ಎಂದು ಕರೆಯುತ್ತೇವೆ. ಹಾಗೆ ಕರೆದ ಮೇಲೆ ಅದನ್ನು 'ಉದ್ಧಾರ' ಮಾಡಲು ಹೊರಡುತ್ತೇವೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ನೀಲಗಿರಿ ತೋಪುಗಳೇ ಬಹಳಷ್ಟು ಜಾಗವನ್ನು ಆವರಿಸಿವೆ. ಕೃಷ್ಣಮೃಗಕ್ಕೆ ಬೇಕಾದದ್ದು ದೂರದವರೆಗೆ ಕಾಣುವ ಬಯಲು, ಮೇಯಲು ಹುಲ್ಲು. ಸಾಲಾಗಿ ನಿಂತ ಒಂದೇ ಜಾತಿಯ ಮರಗಳ ಕೆಳಗೆ ಅವೆರಡೂ ಸಿಗುವುದಿಲ್ಲ. ಪರಿಸರ ದಿನದಂದು ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಸಸಿ ನೆಡುವುದನ್ನು ನಾನೂ ನೋಡಿದ್ದೇನೆ. ಹಾರೆಯ ಏಟಿಗೆ ಹಳೆಯ ಹುಲ್ಲಿನ ಬುಡಗಳು ಕಿತ್ತು ಬಂದಿದ್ದವು. ಬರ ಕೊಲ್ಲಲಾಗದ ಬುಡ ಅದು. ಮರ ಬೇಡವೆಂದಲ್ಲ. ಬೇವು, ಹೊಂಗೆಗಳಿಗೆ ಶಾಲೆಯ ಅಂಗಳವಿದೆ, ರಸ್ತೆಯ ಬದಿಯಿದೆ. ಕಾವಲೇ ಏಕೆ?

ಹುಲ್ಲಿನ ತಾಳ್ಮೆಗೂ ಮಿತಿಯುಂಟು. ಚಿಗುರಿದ ಕೂಡಲೇ ಮತ್ತೆ ಮತ್ತೆ ಮೇಯಿಸಿದರೆ ಬುಡದ ಆಹಾರ ಮುಗಿಯುತ್ತದೆ. ಉತ್ತರಂತೂ ಬೇರೇ ಹೋಗುತ್ತದೆ. ಅಮೃತ್ ಮಹಲ್ ದನಗಳನ್ನು ಸಾಕಿದ ಹಿಂದಿನವರಿಗೆ ಇದು ತಿಳಿದಿತ್ತು. ಅವರು ಮಳೆಗಾಲಕ್ಕೆ, ಚಳಿಗಾಲಕ್ಕೆ, ಬೇಸಿಗೆಗೆ ಬೇರೆ ಬೇರೆ ಕಾವಲುಗಳನ್ನು ಇಟ್ಟುಕೊಂಡಿದ್ದರು. ಒಂದರಲ್ಲಿ ದನ ಮೇಯುವಾಗ ಉಳಿದವಕ್ಕೆ ಬಿಡುವು.

ಶಿಕ್ಷಕರಲ್ಲಿ ಒಂದು ಕೋರಿಕೆ. ಈ ಬೇಸಿಗೆಯಲ್ಲಿ ಶಾಲೆಯ ಸುತ್ತ ಎಲ್ಲಾದರೂ ಒಣಗಿದ ಹುಲ್ಲಿರುವ ಒಂದು ಚದರ ಮೀಟರ್ ಜಾಗಕ್ಕೆ ನಾಲ್ಕು ಗೂಟ ನೆಟ್ಟು ದಾರ ಕಟ್ಟಿಸಿ. ಮೊದಲ ಮಳೆಯ ನಂತರ ಎಷ್ಟನೆಯ ದಿನ ಹಸಿರು ಕಂಡಿತು, ಎಷ್ಟು ಬಗೆಯ ಗಿಡಗಳು ಬಂದವು ಎಂದು ಮಕ್ಕಳು ಬರೆದಿಡಲಿ. ಹೆಸರು ಗೊತ್ತಿಲ್ಲದಿದ್ದರೆ ಕುರಿ ಕಾಯುವವರನ್ನು ಕೇಳಲಿ, ಅವರಿಗೆ ಗೊತ್ತಿರುತ್ತದೆ.