ಓದು ಬಿಟ್ಟವರ ಕೈಗೆ ಕರಣೆ

ಪ್ರತಿವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಬಳಿಕ ನಮ್ಮ ಧರ್ಮಕೇಂದ್ರಗಳಲ್ಲಿ ಭಾನುವಾರದ ಬಲಿಪೂಜೆಯ ತರುವಾಯ ಪ್ರತಿಭಾ ಪುರಸ್ಕಾರ ನಡೆಯುವುದು ವಾಡಿಕೆ. ಹೆಚ್ಚು ಅಂಕ ಗಳಿಸಿದವರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ನೆನಪಿನ ಕಾಣಿಕೆ ನೀಡುತ್ತೇವೆ. ಅದು ಉಚಿತವೇ. ಆದರೆ ಅನುತ್ತೀರ್ಣನಾದ ಹುಡುಗ ಅಂದು ಬೆಳಗಿನ ಮೊದಲ ಪೂಜೆಗೆ ಬಂದು ಯಾರ ಕಣ್ಣಿಗೂ ಬೀಳದೆ ಹೊರಟುಹೋಗಿರುತ್ತಾನೆ, ಇಲ್ಲವೇ ಬಂದೇ ಇರುವುದಿಲ್ಲ. ಎರಡು ಮೂರು ವರ್ಷಗಳಲ್ಲಿ ಅವನ ಹೆಸರು ಯುವಸಂಘದ ಪಟ್ಟಿಯಿಂದಲೂ ಮರೆಯಾಗುತ್ತದೆ. ಮನೆಯವರನ್ನು ವಿಚಾರಿಸಿದರೆ 'ಪರೀಕ್ಷೆಗೆ ಪುನಃ ಕಟ್ಟಿದ್ದಾನೆ, ಫಾದರ್' ಎಂದು ಮಾತು ಮುಗಿಸುತ್ತಾರೆ. ಇಂಥ ಯುವಕರಿಗೆ ಕಟ್ಟಡ ನಿರ್ಮಾಣದ ಕಸುಬನ್ನು ಕ್ರಮಬದ್ಧವಾಗಿ ಕಲಿಸುವ ಹೊಣೆಯನ್ನು ಧರ್ಮಕೇಂದ್ರಗಳೇ ಹೊರಬೇಕೆಂಬುದು ನಮ್ಮ ಅಭಿಪ್ರಾಯ. ಧರ್ಮಸಭೆಗೆ ಇದೇನೂ ಹೊಸತಲ್ಲ.

1841ರ ಡಿಸೆಂಬರ್ 8ರಂದು ಇಟಲಿಯ ಟ್ಯೂರಿನ್ ನಗರದ ದೇವಾಲಯವೊಂದರಲ್ಲಿ, ಪೂಜಾವಸ್ತ್ರಗಳ ಕೊಠಡಿಗೆ ಬಂದ ಬಾಲಕನನ್ನು ಅಲ್ಲಿನ ಸೇವಕನು ಹೊಡೆದು ಅಟ್ಟಿದ್ದೂ, ಯುವ ಯಾಜಕರಾಗಿದ್ದ ಜಾನ್ ಬೋಸ್ಕೊ ಅವನನ್ನು ಮರಳಿ ಕರೆಸಿ ಮಾತನಾಡಿಸಿದ್ದೂ ಧರ್ಮೋಪದೇಶದ ತರಗತಿಗಳಲ್ಲಿ ನಾವೆಲ್ಲ ಕೇಳಿದ ಪ್ರಸಂಗ. ಆ ಬಾರ್ತಲೊಮಿಯೊ ಗರೆಲ್ಲಿ ಹದಿನಾರರ ಹರೆಯದ ಅನಾಥ, ಓದುಬರಹ ಅರಿಯದವನು. ಅವನು ಗಾರೆ ಕೆಲಸದವನಾಗಿದ್ದ ಎಂಬುದನ್ನು ಮಾತ್ರ ಕಥೆ ಹೇಳುವವರು ಹಲವೊಮ್ಮೆ ಬಿಟ್ಟುಬಿಡುತ್ತಾರೆ. ಬೋಸ್ಕೊ ಅವರ ಬಳಿ ಮೊದಲು ನೆರೆದ ಹುಡುಗರಲ್ಲಿ ಬಹುಮಂದಿ ಕಲ್ಲು ಕೆತ್ತುವವರು, ಗೋಡೆ ಕಟ್ಟುವವರು, ರಸ್ತೆಗೆ ಕಲ್ಲು ಹಾಸುವವರು. ದೂರದ ಹಳ್ಳಿಗಳಿಂದ ಕೆಲಸ ಅರಸಿ ನಗರಕ್ಕೆ ಬಂದವರು. ಭಾನುವಾರ ಜ್ಞಾನೋಪದೇಶ ಹೇಳಿದ ಗುರುಗಳು ವಾರದ ದಿನಗಳಲ್ಲಿ ಅವರು ದುಡಿಯುವ ಕಟ್ಟಡಗಳಿಗೇ ಹೋಗಿ ಯೋಗಕ್ಷೇಮ ವಿಚಾರಿಸುತ್ತಿದ್ದರು.

ಅವರಿಗಾಗಿ ಸಂಜೆಶಾಲೆ ತೆರೆದರು. 1850ರ ಆರಂಭದಲ್ಲಿ ಆ ರಾಜ್ಯದಲ್ಲಿ ದಶಮಾಂಶ ಪದ್ಧತಿಯ ಅಳತೆಗಳು ಕಡ್ಡಾಯವಾಗಲಿದ್ದವು. ಹಳೆಯ ಅಳತೆಗಳಲ್ಲೇ ಬೆಳೆದ ಕೆಲಸಗಾರರು ಮೋಸಹೋಗಬಾರದೆಂದು ಬೋಸ್ಕೊ ಮೀಟರು, ಲೀಟರುಗಳನ್ನು ವಿವರಿಸುವ ಪುಟ್ಟ ಪುಸ್ತಕವನ್ನೇ ಬರೆದರು. ಅಷ್ಟೇ ಅಲ್ಲ, ಅದೇ ವಿಷಯವನ್ನು ಸಂಭಾಷಣೆಗಳಾಗಿಸಿ ಹುಡುಗರಿಂದ ರಂಗದ ಮೇಲೆ ಆಡಿಸಿದರು. ಸಂತರೊಬ್ಬರ ಬರಹಗಳಲ್ಲಿ ಅಳತೆಪಟ್ಟಿಯೂ ಸೇರಿದೆ ಎನ್ನುವುದು ನಮಗೆ ಬಹು ಪ್ರಿಯವಾದ ಸಂಗತಿ.

ಇದಕ್ಕಿಂತಲೂ ಗಮನಾರ್ಹವಾದುದು 1852ರ ಫೆಬ್ರವರಿಯಲ್ಲಿ ಬಡಗಿಯೊಬ್ಬನ ಬಳಿ ಹುಡುಗನನ್ನು ಎರಡು ವರ್ಷಗಳ ಕಲಿಕೆಗೆ ಸೇರಿಸಿದಾಗ ಮಾಡಿಕೊಂಡ ಒಪ್ಪಂದಪತ್ರ. ಯಜಮಾನನು ಹುಡುಗನನ್ನು ಮಾತಿನಿಂದ ತಿದ್ದಬೇಕೇ ಹೊರತು ಹೊಡೆಯಕೂಡದು. ಕಸುಬಿಗೆ ಸಂಬಂಧಪಡದ ಚಾಕರಿ ಹೇಳಕೂಡದು. ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು. ವಾರವಾರವೂ ನಿಗದಿಯಾದ ಕೂಲಿ ನೀಡಬೇಕು. ಮುದ್ರಾಂಕದ ಕಾಗದದ ಮೇಲೆ ಯಜಮಾನನೊಂದಿಗೆ ಬೋಸ್ಕೊ ತಾವೂ ಸಹಿ ಹಾಕಿದರು. ಬಡ ಹುಡುಗರ ಮೇಲಿನ ಮರುಕವನ್ನು ಅವರು ಕಾನೂನಿನ ಭಾಷೆಗೆ ಇಳಿಸಿದರು.

ನಮ್ಮ ಕರಾವಳಿಯಲ್ಲೂ ಉದಾಹರಣೆಗಳಿಲ್ಲದಿಲ್ಲ. ಪ್ರಾಟೆಸ್ಟೆಂಟ್ ಸೋದರರಾದ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಜೆಪ್ಪುವಿನ ಸಂತ ಜೋಸೆಫರ ಅನಾಥಾಲಯದ ಕಾರ್ಯಾಗಾರದಲ್ಲಿ ಮರಗೆಲಸವೂ ಪ್ರತಿಮೆಗಳ ಕೆತ್ತನೆಯೂ ನಡೆದವು. ಅನಂತರ ಕಾಲೇಜುಗಳು ಬಂದವು, ಪರದೇಶದ ವೀಸಾ ಬಂತು. ಕೈಕಸುಬು ನಮ್ಮ ಮನೆಗಳ ಅಂಗಳ ಬಿಟ್ಟು ದೂರ ಸರಿಯಿತು. ಈಗ ನಮ್ಮೂರ ಮನೆಗಳಿಗೆ ಕಲ್ಲು ಇಡಲು, ಸೆಂಟ್ರಿಂಗ್ ಕಟ್ಟಲು ಉತ್ತರ ಕರ್ನಾಟಕದಿಂದ, ಬಿಹಾರ, ಒಡಿಶಾ, ಬಂಗಾಳಗಳಿಂದ ಯುವಕರು ಬರುತ್ತಾರೆ. ಅವರ ಶ್ರಮಕ್ಕೆ ನಾವು ಋಣಿಗಳು. ಆದರೆ ಅದೇ ಮನೆಯ ಜಗಲಿಯಲ್ಲಿ ಇಪ್ಪತ್ತರ ಹರೆಯದ ನಮ್ಮ ಮಗ ಮೊಬೈಲು ಹಿಡಿದು ಕುಳಿತಿರುತ್ತಾನೆ. ಅವನನ್ನು ಕೆಲಸಕ್ಕೆ ಕಳುಹಿಸಿರೆಂದರೆ 'ನಮ್ಮ ಮನೆತನದವರು ಗಾರೆ ಕಲಸುವುದೇ?' ಎಂಬ ಪ್ರಶ್ನೆ ಹುಟ್ಟುತ್ತದೆ. ಈ ಪ್ರಶ್ನೆಯ ಬೇರು ಎಲ್ಲಿದೆಯೆಂದು ನಾವು ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು. ಜ್ಞಾನಸ್ನಾನದ ನೀರು ನಮ್ಮಲ್ಲಿನ ಜಾತಿಯ ಮದವನ್ನು ಪೂರ್ತಿಯಾಗಿ ತೊಳೆದಿಲ್ಲ. ಮಾರ್ಕನ ಶುಭಸಂದೇಶವು ಯೇಸುವನ್ನು ಕರೆಯುವ ಗ್ರೀಕ್ ಪದ 'ತೆಕ್ತೋನ್'. ನಾವದನ್ನು ಬಡಗಿ ಎಂದಷ್ಟೇ ತಿಳಿಯುತ್ತೇವೆ. ಕಟ್ಟಡ ಕಟ್ಟುವವನೆಂಬ ಅರ್ಥಕ್ಕೂ ಅದರಲ್ಲಿ ಎಡೆಯಿದೆ. ಶ್ರಮಿಕರಾದ ಸಂತ ಜೋಸೆಫರ ಹಬ್ಬವನ್ನು ಜಗದ್ಗುರು ಹನ್ನೆರಡನೆಯ ಪಿಯುಸರು 1955ರಲ್ಲಿ ಮೇ 1ಕ್ಕೆ ನಿಗದಿಪಡಿಸಿದ್ದು ಪ್ರತಿಮೆಗೆ ಹಾರ ಹಾಕುವುದಕ್ಕಷ್ಟೇ ಅಲ್ಲ.

ಕೈಕೆಲಸ ಬುದ್ಧಿಯಿಲ್ಲದವರಿಗೆ ಎಂಬ ಭಾವನೆ ತತ್ತ್ವಶಾಸ್ತ್ರದ ದೃಷ್ಟಿಯಿಂದಲೂ ನಿಲ್ಲದು. ಮನೆ ಕಟ್ಟುತ್ತಲೇ ಮನುಷ್ಯ ಮನೆ ಕಟ್ಟಬಲ್ಲವನಾಗುತ್ತಾನೆ, ಹಾಗೆಯೇ ನ್ಯಾಯದ ಕಾರ್ಯ ಮಾಡುತ್ತಲೇ ನ್ಯಾಯವಂತನಾಗುತ್ತಾನೆ ಎಂದು ಅರಿಸ್ಟಾಟಲ್ ಹೋಲಿಸಿದ. ಸಂತ ಥಾಮಸ್ ಅಕ್ವಿನಾಸರ ಪ್ರಕಾರ ಕೌಶಲವೆಂದರೆ ತಯಾರಿಸಬೇಕಾದ ವಸ್ತುವಿನ ಕುರಿತ ಸರಿಯಾದ ವಿವೇಕ. ಅದು ಬುದ್ಧಿಯ ಗುಣವೇ. ಮೇಸ್ತ್ರಿ ಪಾಯ ಗುರುತಿಸುವುದನ್ನು ನೋಡಿರಿ. ಒಂದು ಬದಿಗೆ ಮೂರು ಅಡಿ, ಇನ್ನೊಂದು ಬದಿಗೆ ನಾಲ್ಕು ಅಡಿ ದಾರ ಎಳೆದು, ಅವುಗಳ ತುದಿಗಳ ನಡುವೆ ಐದು ಅಡಿ ಬಂದರೆ ಮೂಲೆ ಮಟ್ಟವಾಯಿತೆಂದು ಹೇಳುತ್ತಾನೆ. ಕಪ್ಪುಹಲಗೆಯ ಮೇಲೆ ಹುಡುಗನಿಗೆ ತಲೆಗೆ ಹತ್ತದಿದ್ದ ಪೈಥಾಗೊರಸನ ಪ್ರಮೇಯ ಇದೇ ಅಲ್ಲವೇ? ಮೇಲಿನ ಸಾಲಿನ ಕಲ್ಲು ಕೆಳಸಾಲಿನ ಸಂದಿನ ಮೇಲೆಯೇ ಏಕೆ ಕೂರಬೇಕು, ಕಾಂಕ್ರೀಟಿಗೆ ನೀರು ಹೆಚ್ಚಾದರೆ ಬಲವೇಕೆ ಕುಂದುತ್ತದೆ, ಗಟ್ಟಿಯಾದ ಮೇಲೂ ದಿನಗಟ್ಟಲೆ ನೀರುಣಿಸುವುದೇಕೆ ಎಂಬ ಪ್ರಶ್ನೆಗಳಿಗೆ ಅವನು ಕೆಲಸದ ನಡುವೆಯೇ ಉತ್ತರ ಕಂಡುಕೊಳ್ಳುತ್ತಾನೆ. ಶಾಲೆಯಲ್ಲಿ ತಪ್ಪಿಗೆ ಕೆಂಪು ಶಾಯಿಯ ಗೀಟು ಬೀಳುತ್ತಿತ್ತು, ಜೊತೆಗೆ ಅವಮಾನ. ಇಲ್ಲಿ ತೂಕದ ಗುಂಡು ತಪ್ಪನ್ನು ತೋರಿಸುತ್ತದೆ, ಹಂಗಿಸುವುದಿಲ್ಲ. ಗೋಡೆಯನ್ನು ಬಿಚ್ಚಿ ಪುನಃ ಕಟ್ಟಬಹುದು.

ಹೀಗೆಂದ ಮಾತ್ರಕ್ಕೆ ಶಾಲೆಗಳನ್ನು ಹೊಣೆಯಿಂದ ಬಿಡುಗಡೆ ಮಾಡುತ್ತಿಲ್ಲ. ಕಲಿಸಲಾಗದ ಮಗುವನ್ನು 'ಇವನಿಗೆ ಕಸುಬೇ ಸರಿ' ಎಂದು ಸಾಗಹಾಕುವುದಕ್ಕೆ ನಮ್ಮ ಸಮ್ಮತಿಯಿಲ್ಲ. ಕೆಲವು ವಾರಗಳ ಶಿಬಿರ ನಡೆಸಿ, ಪ್ರಮಾಣಪತ್ರ ಹಂಚಿ, ಛಾಯಾಚಿತ್ರ ತೆಗೆಸಿಕೊಳ್ಳುವ ಪರಿಪಾಠದಿಂದಲೂ ಪ್ರಯೋಜನ ಕಾಣೆವು. ಅಷ್ಟು ಅವಧಿಯಲ್ಲಿ ಕರಣೆ ಹಿಡಿಯುವ ಭಂಗಿಯೂ ಕೈಗೆ ಹತ್ತದು. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು: ಕಲಿಕೆಯ ಹೆಸರಿನಲ್ಲಿ ಅಗ್ಗದ ಆಳುಗಳನ್ನು ಒದಗಿಸುವುದು. 2016ರ ಕಾನೂನು ತಿದ್ದುಪಡಿ ಹದಿನಾಲ್ಕರೊಳಗಿನವರ ದುಡಿಮೆಯನ್ನೂ, ಹದಿನೆಂಟರೊಳಗಿನವರ ಅಪಾಯಕರ ದುಡಿಮೆಯನ್ನೂ ನಿಷೇಧಿಸಿತು. ಹದಿನೆಂಟು ತುಂಬದವನನ್ನು ಸಾರುವೆಯ ಮೇಲೆ ಹತ್ತಿಸಕೂಡದೆಂಬುದು ನಮ್ಮ ನಿಲುವು. ಆ ವಯಸ್ಸಿನವರು ಐ.ಟಿ.ಐ.ಗೆ ಹೋಗಲಿ, ಎಂಟನೆಯ ತರಗತಿ ಪಾಸಾದವರಿಗೂ ಅಲ್ಲಿ ಕೆಲವು ವೃತ್ತಿಗಳಿವೆ.

ನಮ್ಮ ಸಲಹೆ ಸರಳವಾದುದು. ಸಭಾಭವನವೋ, ಶಾಲೆಯ ಕೊಠಡಿಯೋ, ಗುರುಮನೆಯೋ ಒಂದಲ್ಲ ಒಂದು ಕಟ್ಟಡ ನಮ್ಮಲ್ಲಿ ಏಳುತ್ತಲೇ ಇರುತ್ತದೆ. ಪಾಲನಾ ಮಂಡಳಿಯು ಗುತ್ತಿಗೆದಾರನೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ಅಮೃತಶಿಲೆಯ ದರವನ್ನು ಬರೆಯುವಂತೆಯೇ, ಅನುಭವಿ ಮೇಸ್ತ್ರಿಯ ಕೈಕೆಳಗೆ ಇಬ್ಬರು ಮೂವರು ಕಲಿಯುವವರಿಗೆ ಸ್ಥಾನವಿರತಕ್ಕದ್ದೆಂದೂ ಬರೆಯಲಿ. ಅವರಲ್ಲಿ ಹೆಣ್ಣುಮಕ್ಕಳೂ ಇರಲಿ. ಕಟ್ಟಡಗಳಲ್ಲಿ ಹೆಂಗಸರು ಆಯುಷ್ಯವಿಡೀ ಬಾಂಡ್ಲಿ ಹೊರುತ್ತಾರೆ, ಕರಣೆ ಮಾತ್ರ ಅವರ ಕೈಗೆ ಬರುವುದೇ ಅಪರೂಪ. ಕಲಿಯುವವರಿಗೆ ಸಂಜೆ ಎರಡು ಗಂಟೆ ಲೆಕ್ಕ, ನಕ್ಷೆ ಓದುವುದು, ಅಂದಾಜುಪಟ್ಟಿ ತಯಾರಿಸುವುದನ್ನು ಹೇಳಿಕೊಡಲು ನಮ್ಮಲ್ಲೇ ನಿವೃತ್ತ ಶಿಕ್ಷಕರೂ ಇಂಜಿನಿಯರರೂ ಇದ್ದಾರೆ. ಬಿಟ್ಟುಹೋದ ಪರೀಕ್ಷೆಯನ್ನು ಮುಕ್ತ ಶಾಲೆಯ ಮೂಲಕ ಬರೆಯಬಯಸುವವರಿಗೆ ಅವರೇ ನೆರವಾದಾರು.

ಕರಾರಿನ ಕೊನೆಯ ಕಲಮುಗಳನ್ನು ಟ್ಯೂರಿನ್ನಿನ ಆ ಹಳೆಯ ಕಾಗದದಿಂದಲೇ ಎರವಲು ಪಡೆಯಬಹುದು: ಹೊಡೆತವಿಲ್ಲ, ಮನೆಚಾಕರಿಯಿಲ್ಲ, ಭಾನುವಾರ ಬಿಡುವು. ತಲೆಗೆ ಹೆಲ್ಮೆಟ್, ಕಾಲಿಗೆ ಬೂಟು ಗುತ್ತಿಗೆದಾರನ ಖರ್ಚಿನಲ್ಲೇ ಆಗಲಿ. ಕೂಲಿ ಮೊದಲ ವಾರದಿಂದಲೇ ಸಲ್ಲಲಿ. ಅದು ಕಲಿಯುವವನ ಹೆಸರಿನ ಬ್ಯಾಂಕು ಖಾತೆಗೇ ಸೇರಲಿ, ತಂದೆಯ ಕೈಗಲ್ಲ.