ಗೇಟಿನೊಳಗೆ ಹೋಗಿ ನೋಡುವವರು ಯಾರು?

ಜಗಳೂರು ತಾಲೂಕಿನ ಸೊಕ್ಕೆಯಲ್ಲಿ ನನ್ನ ದೊಡ್ಡಮ್ಮನ ಮಗಳ ಮನೆ ಇದೆ. ಮದುವೆಯಾಗಿ ಘಟ್ಟ ಹತ್ತಿದ ಅಕ್ಕ 30 ವರ್ಷಗಳಿಂದ ಅಲ್ಲೇ ಇದ್ದಾಳೆ. ಭಾವನದ್ದು ಸಣ್ಣ ಬೇಕರಿ. ಅವರ ಮಗನಿಗೆ ಈಗ 27 ವರ್ಷ. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ. ಬರೆಯಲು ಬಾರದು, ನೋಟು ಎಣಿಸಲು ಬಾರದು. ಆದರೆ ಬೆಳಿಗ್ಗೆ ಶಟರ್ ಎತ್ತುವವನು ಅವನೇ. ಬನ್ನಿನ ಟ್ರೇ ಜೋಡಿಸುವವನೂ ಅವನೇ. ಯಾವ ಗಿರಾಕಿಗೆ ಖಾರದ ಬಿಸ್ಕತ್ತು, ಯಾರಿಗೆ ರಸ್ಕು ಎಂಬುದು ಭಾವನಿಗಿಂತ ಚೆನ್ನಾಗಿ ಅವನಿಗೆ ಗೊತ್ತು.

ಕಳೆದ ವರ್ಷ ಭಾವನಿಗೆ ಹೃದಯದ ಆಪರೇಷನ್ ಆಯಿತು. ಅದಾದ ಮೇಲೆ ಅಕ್ಕನಿಗೆ ಒಂದೇ ಚಿಂತೆ. ಫೋನ್ ಮಾಡಿದಾಗಲೆಲ್ಲ ಅದೇ ಮಾತು: "ನಾವಿಬ್ಬರೂ ಹೋದ ಮೇಲೆ ಇವನ ಗತಿ ಎಂತ, ನೀನೇ ಹೇಳು." ಇಂಥ ಮಕ್ಕಳಿರುವ ನಮ್ಮ ಎಲ್ಲ ಮನೆಗಳಲ್ಲೂ ಈ ಪ್ರಶ್ನೆ ಇದೆ. ಹೊರಗೆ ಹೇಳುವುದಿಲ್ಲ ಅಷ್ಟೆ. ಯಾರೋ ಒಬ್ಬರು ದೂರದ ಪಟ್ಟಣದ ಒಂದು ವಸತಿ ಕೇಂದ್ರದ ಬಗ್ಗೆ ಹೇಳಿದ್ದರಂತೆ. ಒಟ್ಟಿಗೆ ಒಂದಷ್ಟು ಲಕ್ಷ ಕಟ್ಟಿದರೆ ಕೊನೆತನಕ ನೋಡಿಕೊಳ್ಳುತ್ತಾರಂತೆ. ಸೈಟು ಮಾರಿಯಾದರೂ ಕಟ್ಟುವುದು ಅಂತ ಇವರು ತೀರ್ಮಾನಿಸಿಬಿಟ್ಟಿದ್ದರು. ನೋಡಿಕೊಂಡು ಬರೋಣ ಎಂದು ನಾನೂ ಹೊರಟೆ.

ಆಫೀಸು ಕೋಣೆ ಥಳಥಳ ಅನ್ನುತ್ತಿತ್ತು. ದಾನಿಗಳ ಹೆಸರಿನ ಕಲ್ಲು, ಸನ್ಮಾನದ ಫೋಟೋಗಳು, ನಮಗೆ ಜ್ಯೂಸು. ಮಕ್ಕಳು ಮಲಗುವ ಜಾಗ ನೋಡಬೇಕು ಅಂದೆ. "ಈಗ ರೆಸ್ಟ್ ಟೈಮು, ಒಳಗೆ ಬಿಡುವುದಿಲ್ಲ" ಅಂದರು. ಒಂದು ಗಂಟೆ ಕಾದೆವು. ಆಗಲೂ ಬಿಡಲಿಲ್ಲ. ಅಷ್ಟರಲ್ಲಿ ಒಬ್ಬ ಹುಡುಗ ಬಾಗಿಲ ಸಂದಿನಿಂದ ಹೊರಗೆ ಬಂದ. ತಲೆ ಬೋಳಿಸಿತ್ತು, ಅಂಗಿಗೆ ಗುಂಡಿ ಇರಲಿಲ್ಲ, ಅಕ್ಕನ ಸೆರಗು ಹಿಡಿದುಕೊಂಡ. ಆಯಾ ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ರಾತ್ರಿ ಎಷ್ಟು ಜನ ಸಿಬ್ಬಂದಿ ಇರುತ್ತಾರೆ ಅಂತ ಕೇಳಿದೆ. ಉತ್ತರ ಬರಲಿಲ್ಲ, "ಎಲ್ಲಾ ಕಡೆ ಸಿಸಿಟಿವಿ ಇದೆ ಸಾರ್" ಎಂಬ ಮಾತು ಬಂತು. ಬಸ್ಸಿನಲ್ಲಿ ಅಕ್ಕ ಸೊಕ್ಕೆಯ ತನಕ ಬಾಯಿ ಬಿಡಲಿಲ್ಲ.

ಆ ಕೇಂದ್ರದಲ್ಲಿ ಹೊಡೆಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ನಾನು ನೋಡಿಲ್ಲ. ನೋಡಲು ಬಿಡಲಿಲ್ಲ ಎನ್ನುವುದೇ ನನ್ನ ತಕರಾರು. ಮಾತು ಬಾರದ, ದೂರು ಹೇಳಲು ಗೊತ್ತಿಲ್ಲದ ಮನುಷ್ಯನೊಬ್ಬ ಸುರಕ್ಷಿತವಾಗಿದ್ದಾನೋ ಇಲ್ಲವೋ ಎಂಬುದು ಕಾಂಪೌಂಡಿನ ಎತ್ತರದಿಂದ ಗೊತ್ತಾಗುವುದಿಲ್ಲ. ಕ್ಯಾಮೆರಾದಿಂದಲೂ ಗೊತ್ತಾಗುವುದಿಲ್ಲ. ಅವನ ಮುಖದ ಪರಿಚಯ ಇರುವವರು ಹೊರಗಿನಿಂದ ಆಗಾಗ ಬಂದು ನೋಡುತ್ತಿದ್ದಾರಾ? ಮೊದಲು ಕೇಳಬೇಕಾದ್ದು ಇದು.

ಇಂಥ ವಿಷಯ ಬಂದಾಗ ಏರ್ವಾಡಿ ನೆನಪಾಗದೆ ಇರುವುದಿಲ್ಲ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಆ ದರ್ಗಾದ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. 2001ರ ಆಗಸ್ಟ್ 6ರ ನಸುಕಿನಲ್ಲಿ ಅಲ್ಲಿನ ಒಂದು ಖಾಸಗಿ ಮನೆಯ ಚಪ್ಪರಕ್ಕೆ ಬೆಂಕಿ ಬಿತ್ತು. ಒಳಗಿದ್ದವರ ಕಾಲಿಗೆ ಸರಪಳಿ. 28 ಮಂದಿ ಸುಟ್ಟು ಸತ್ತರು. ಅವರು ಮಾನಸಿಕ ಕಾಯಿಲೆಯವರು. ನಮ್ಮ ಹುಡುಗನದ್ದು ಕಾಯಿಲೆಯಲ್ಲ, ಬೌದ್ಧಿಕ ನ್ಯೂನತೆ. ಊರಲ್ಲಿ ಎರಡನ್ನೂ ಒಂದೇ ಮಾಡಿ "ತಲೆ ಸರಿ ಇಲ್ಲ" ಅನ್ನುತ್ತಾರೆ, ಅದು ತಪ್ಪು. ಆದರೆ ಬೆಂಕಿ ಬಿದ್ದಾಗ ಬಾಗಿಲು ತೆಗೆಯುವವರು ಯಾರು ಎಂಬ ಪ್ರಶ್ನೆ ಇಬ್ಬರಿಗೂ ಒಂದೇ. ಏರ್ವಾಡಿಯಲ್ಲಿ ಬಿಟ್ಟು ಬಂದ ಮನೆಯವರೆಲ್ಲ ಕಲ್ಲು ಮನಸ್ಸಿನವರಾಗಿರಲಿಲ್ಲ. ಗುಣವಾಗಲಿ ಎಂದು ಹರಕೆ ಹೊತ್ತು ಬಿಟ್ಟವರೇ ಹೆಚ್ಚು. ಪುಣ್ಯದ ಜಾಗ ತಾನೇ, ಅಲ್ಲಿ ಕೆಟ್ಟದ್ದು ಆಗಲಿಕ್ಕಿಲ್ಲ ಎಂದು ನಂಬಿದ್ದರು.

ಸರ್ಕಾರದ ಕೇಂದ್ರ ಆದರೆ ಭಯ ಇಲ್ಲ ಎಂದುಕೊಳ್ಳುವುದೂ ಬೇಡ. ಚಂಡೀಗಢದ ಸರ್ಕಾರಿ ಆಶ್ರಯ ಕೇಂದ್ರದಲ್ಲಿದ್ದ ಇಂಥದ್ದೇ ಒಬ್ಬ ಯುವತಿ ಅಲ್ಲೇ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದಳು. 2009ರಲ್ಲಿ ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇನ್ನು ಇಂಗ್ಲೆಂಡಿನಂಥ ದೇಶದಲ್ಲಿ, ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಎಂಬ ಆಸ್ಪತ್ರೆಯಲ್ಲಿ, ಬೌದ್ಧಿಕ ನ್ಯೂನತೆಯವರನ್ನು ಸಿಬ್ಬಂದಿಯೇ ಒದೆಯುವುದು, ತಣ್ಣೀರಿಗೆ ನೂಕುವುದು ನಡೆದಿತ್ತು. 2011ರಲ್ಲಿ ಬಿಬಿಸಿಯವರು ಗುಪ್ತ ಕ್ಯಾಮೆರಾದಲ್ಲಿ ಹಿಡಿದ ಮೇಲೆ 11 ಮಂದಿಗೆ ಶಿಕ್ಷೆಯಾಯಿತು. ಅಲ್ಲಿನದೇ ಹಿರಿಯ ನರ್ಸ್ ಒಬ್ಬರು ಮೊದಲೇ ತಪಾಸಣೆಯ ಇಲಾಖೆಗೆ ದೂರು ಕೊಟ್ಟಿದ್ದರು, ಇಲಾಖೆ ಕ್ರಮ ಕೈಗೊಳ್ಳಲಿಲ್ಲ. ಅಲ್ಲಿ ಲೈಸೆನ್ಸ್ ಇತ್ತು, ಇನ್‌ಸ್ಪೆಕ್ಷನ್ ಇತ್ತು, ಆದರೂ ಹೀಗಾಯಿತು.

ನಮ್ಮ ಕಾನೂನು ಕಾಗದದ ಮೇಲೆ ಚೆನ್ನಾಗಿಯೇ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಹೇಳುವ ಪ್ರಕಾರ ಇಂಥ ಯಾವ ಸಂಸ್ಥೆಯೂ ನೋಂದಣಿ ಇಲ್ಲದೆ ನಡೆಯುವ ಹಾಗಿಲ್ಲ. ಆ ಪ್ರಮಾಣಪತ್ರ ಬಂದವರ ಕಣ್ಣಿಗೆ ಕಾಣುವ ಕಡೆ ಇರಬೇಕು. ನಾವು ಹೋದಲ್ಲಿ ಸನ್ಮಾನಪತ್ರ ಇತ್ತು, ಅದು ಮಾತ್ರ ಕಾಣಲಿಲ್ಲ. ಹಿಂಸೆಯ ಅನುಮಾನ ಬಂದರೆ ರಕ್ತಸಂಬಂಧಿಯೇ ಆಗಬೇಕೆಂದಿಲ್ಲ, ಯಾರು ಬೇಕಾದರೂ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರಿಗೆ, ಅಂದರೆ ತಹಶೀಲ್ದಾರರಿಗೆ, ತಿಳಿಸಬಹುದು. ತಮ್ಮ ಸುಪರ್ದಿಯಲ್ಲಿರುವ ಅಂಗವಿಕಲರಿಗೆ ಬೇಕೆಂದೇ ಅನ್ನ ನೀರು ಕೊಡದಿದ್ದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಅದರ 5ನೇ ಸೆಕ್ಷನ್. ಇವರಿಗೆ ಊರಿನ ನಡುವೆಯೇ ಬದುಕುವ ಹಕ್ಕಿದೆ, ಇಂಥಲ್ಲೇ ಇರಬೇಕು ಎಂದು ಒತ್ತಾಯ ಆಗಬಾರದು ಎನ್ನುತ್ತದೆ ಅದು. ಬೇಕರಿಯ ಶಟರ್ ಎತ್ತುವ ಹುಡುಗನನ್ನು ಗೋಡೆಯೊಳಗೆ ಕಳಿಸುವ ಮೊದಲು ಇದನ್ನು ಯೋಚಿಸಬೇಕಲ್ಲವೇ?

ಹಾಗೆಂದು ಊರು ಸ್ವರ್ಗ ಅಂತಲ್ಲ. ಸೊಕ್ಕೆಯಲ್ಲೂ ಅವನಿಗೆ ಕಲ್ಲು ಹೊಡೆದ ಮಕ್ಕಳಿದ್ದಾರೆ. ಒಬ್ಬರು ದಿನವಿಡೀ ಇಟ್ಟಿಗೆ ಹೊರಿಸಿ ಒಂದು ಗುಟ್ಕಾ ಪ್ಯಾಕೆಟ್ ಕೈಗಿಟ್ಟು ಕಳಿಸಿದ್ದರು. ಆದರೆ ಸಂಜೆಯೊಳಗೆ ನಾಲ್ಕು ಜನ ಬಂದು ಭಾವನಿಗೆ ಹೇಳಿದರು. ಅವನ ಭುಜದ ಗಾಯವನ್ನು ರಾತ್ರಿ ಸ್ನಾನ ಮಾಡಿಸುವಾಗ ಅಕ್ಕ ನೋಡಿದಳು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಕೊಯಿಲದಲ್ಲಿ ಎಂಡೋಸಲ್ಫಾನ್ ಸಂತ್ರಸ್ತರಿಗೆ ಹಗಲು ಪಾಲನಾ ಕೇಂದ್ರಗಳಿವೆಯಲ್ಲ, ಅವುಗಳ ದೊಡ್ಡ ಗುಣ ಇದೇ ಎಂದು ನನಗೆ ಅನಿಸುತ್ತದೆ. ಬೆಳಿಗ್ಗೆ ಹೋದ ಮಗು ಸಂಜೆ ಉಮ್ಮನ ಕೈಗೆ ಬರುತ್ತದೆ. ಮೈಮೇಲೆ ಒಂದು ಗೀರಿದ್ದರೂ ಅವಳಿಗೆ ಗೊತ್ತಾಗುತ್ತದೆ. ಹಗಲಲ್ಲಿ ಉಮ್ಮನಿಗೂ ಸ್ವಲ್ಪ ಉಸಿರಾಡಲು ಆಗುತ್ತದೆ. ಅಂಥದ್ದೊಂದು ಜಗಳೂರು ಕಡೆ ಹೋಬಳಿಗೊಂದು ಇದ್ದರೆ ಅಕ್ಕ ಸೈಟು ಮಾರುವ ಮಾತು ಎತ್ತುತ್ತಿರಲಿಲ್ಲ.

ತಂದೆ ತಾಯಿ ಇಲ್ಲದ ಮೇಲೆ ವಸತಿ ಕೇಂದ್ರವೇ ಗತಿಯಾಗುವವರೂ ಇದ್ದಾರೆ, ಒಪ್ಪುತ್ತೇನೆ. ಅಲ್ಲಿ ನಮ್ಮ ಜಮಾಅತ್‌ಗಳಿಗೆ ಒಂದು ಕೆಲಸ ಇದೆ. ರಂಝಾನಿನಲ್ಲಿ ರಶೀದಿ ಪುಸ್ತಕ ಹಿಡಿದು ಬರುವ ಸಂಸ್ಥೆಗಳಿಗೆ ನಾವು ಕೈ ಬಿಚ್ಚಿ ಕೊಡುತ್ತೇವೆ. ಕೊಟ್ಟು ಮರೆಯುತ್ತೇವೆ. ಲೆಕ್ಕಪತ್ರ ಕೇಳುವ ಕಮಿಟಿಯೇ ಅಪರೂಪ, ಇನ್ನು ಹೋಗಿ ಶೌಚಾಲಯಕ್ಕೆ ಚಿಲಕ ಇದೆಯಾ ನೋಡುವ ಕಮಿಟಿಯನ್ನು ನಾನು ಕಂಡಿಲ್ಲ. ಇಬ್ಬರು ಗಂಡಸರು, ಇಬ್ಬರು ಹೆಂಗಸರು ಹೇಳದೆ ಕೇಳದೆ ಹೋಗಲಿ, ರಾತ್ರಿ ಎಂಟು ಗಂಟೆಗೆ ಹೋಗಲಿ. ಅಲ್ಲಿರುವವರ ಪಕ್ಕ ಕುಳಿತು ಊಟ ಮಾಡಲಿ. ಹೆಂಗಸರ ಕಡೆ ರಾತ್ರಿ ಕಾವಲಿಗೆ ಯಾರಿದ್ದಾರೆ, ನಿದ್ದೆ ಮಾತ್ರೆ ಯಾರು ಬರೆದುಕೊಟ್ಟದ್ದು ಅಂತ ಕೇಳಲಿ. ಹೀಗೆ ಹೇಳಿದಾಗ ಒಬ್ಬ ಹಿರಿಯರು, "ಅವರ ಆಡಳಿತದಲ್ಲಿ ನಾವು ಕೈ ಹಾಕುವುದು ಸರಿಯಾ ಮಾರಾಯ?" ಅಂದರು. ಮಕ್ಕಳು ಅಮಾನತ್ತು ಎನ್ನುತ್ತೇವೆ. ಅಮಾನತ್ತು ಇಟ್ಟವನು ಹೋಗಿ ನೋಡಿದರೆ ಇಟ್ಟುಕೊಂಡವನಿಗೆ ಬೇಸರ ಯಾಕಾಗಬೇಕು? ಒಳ್ಳೆಯ ಕೇಂದ್ರದವರು ಸಂತೋಷವೇ ಪಡುತ್ತಾರೆ.

ಅಕ್ಕ ಸೈಟು ಮಾರಲಿಲ್ಲ. ಈಗ ಬೇರೆ ಕೆಲಸ ನಡೆದಿದೆ. 18 ತುಂಬಿದ ಮೇಲೆ ಇಂಥ ಮಕ್ಕಳಿಗೆ ತಂದೆ ತಾಯಿಯೂ ತಾನಾಗಿ ಕಾನೂನಿನ ಪೋಷಕರಾಗುವುದಿಲ್ಲ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ, ಪೋಷಕರನ್ನು ನೇಮಿಸುವುದು ಅದೇ. ಪೋಷಕನಾದವನು 6 ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಸರಿಯಾಗಿ ನೋಡಿಕೊಳ್ಳದಿದ್ದರೆ ತೆಗೆದುಹಾಕಲೂ ಬರುತ್ತದೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದು ಕಾಗದಪತ್ರ ಜೋಡಿಸಿದ್ದಾಯಿತು. ಒಂದು ಲಕ್ಷದವರೆಗೆ ಚಿಕಿತ್ಸೆ ಖರ್ಚು ಸಿಗುವ ನಿರಾಮಯ ವಿಮೆಗೂ ಅರ್ಜಿ ಬರೆದೆವು. ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿ.ಆರ್.ಸಿ. ಪುನರ್ವಸತಿ ಕೇಂದ್ರ ಇದೆ. ಒಬ್ಬನೇ ಸ್ನಾನ ಮಾಡುವುದು, ಮೈ ಮುಟ್ಟಿದರೆ ಬೇಡ ಅನ್ನುವುದು, ಇಂಥದ್ದನ್ನು ಅವನಿಗೆ ಹೇಗೆ ಕಲಿಸುವುದು ಎಂದು ಅಲ್ಲಿ ಕೇಳಿಕೊಂಡು ಬರಬೇಕು.

ಅಕ್ಕ, ಭಾವನ ನಂತರ ಪೋಷಕರಾಗಿ ಯಾರ ಹೆಸರು ಎಂಬ ಮಾತು ಬಂದಾಗ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವನ ತಂಗಿ ಹರಿಹರದಲ್ಲಿದ್ದಾಳೆ, ಅವಳಿಗೆ ಎರಡು ಸಣ್ಣ ಮಕ್ಕಳು. ಕೊನೆಗೆ ಅವಳೇ ತನ್ನ ಹೆಸರು ಹೇಳಿದಳು, ಜೊತೆಗೆ ನನ್ನದೂ ಇರಲಿ ಅಂದೆ. ಅವನನ್ನೂ ಕೇಳಿದೆವು. "ನಾನು ಎಲ್ಲಿ ಇರ್ತೇನೆ ಮಾಮ, ಅಂಗಡಿಯಲ್ಲಾ?" ಅಂದ. ಅಂಗಡಿಯನ್ನು ಮುಂದೆ ನಡೆಸುವವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ.